ವಿವಾಹ ಪ್ರಕಾರಗಳು ಮತ್ತು ಕನ್ಯಾವಿಕ್ರಯ: ಕರ್ಕಿಯ ಪ್ರಹಸನವೊಂದರ ಹಿನ್ನೆಲೆಯಲ್ಲಿ

ಧರ್ಮಶಾಸ್ತ್ರಗಳು ವಿವಾಹವನ್ನು ಬ್ರಾಹ್ಮ, ದೈವ, ಆರ್ಷ, ಪ್ರಾಜಾಪತ್ಯ, ಆಸುರ, ಗಾಂಧರ್ವ, ರಾಕ್ಷಸ, ಪೈಶಾಚ ಎಂದು ಎಂಟು ಬಗೆಯಾಗಿ ವಿಂಗಡಿಸಿವೆ. ಈ ವಿಂಗಡಣೆಗೆ ಮಂಟಪದ ವಿಧಿಗಳು ಆಧಾರವಲ್ಲ. ಕನ್ಯೆಯು ಯಾವ ಬಗೆಯಲ್ಲಿ ವರನ ಕೈಸೇರಿದಳು ಎಂಬುದೇ ಆಧಾರ. ವಿವಾಹಾಚರಣೆಗಳನ್ನು ವಿವರಿಸುವ ಬರಹಗಳಲ್ಲಿ ಈ ಅಂಶ ಹಲವೊಮ್ಮೆ ಮರೆಯಾಗುತ್ತದೆ. ಧಾರೆ, ಪಾಣಿಗ್ರಹಣ, ಸಪ್ತಪದಿಗಳ ವರ್ಣನೆ ದೊರೆಯುತ್ತದೆ. ಅದರ ಹಿಂದಿನ ಕೊಡುಕೊಳೆಯ ವಿಚಾರ ಉಳಿದುಬಿಡುತ್ತದೆ.

ಈ ಕೊರತೆಯನ್ನು ಎತ್ತಿ ತೋರುವ ಕೃತಿ ಹೊನ್ನಾವರ ತಾಲೂಕಿನ ಕರ್ಕಿಯಿಂದ ಬಂದಿದೆ. ಕರ್ಕಿ ವೆಂಕಟರಮಣ ಶಾಸ್ತ್ರಿ ಸೂರಿ ಅವರ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ' (1887) ಆಧುನಿಕ ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಸಾಹಿತ್ಯ ಚರಿತ್ರೆಯಲ್ಲಿ ಮನ್ನಣೆ ಪಡೆದಿದೆ. ಹವ್ಯಕ ಸಮಾಜದಲ್ಲಿದ್ದ ಕನ್ಯಾವಿಕ್ರಯ ಇದರ ವಸ್ತು. ಗುರಜಾಡ ಅಪ್ಪಾರಾವ್ ಅವರ ತೆಲುಗಿನ 'ಕನ್ಯಾಶುಲ್ಕಂ' ರಂಗವೇರಿದ್ದು 1892ರಲ್ಲಿ. ದೇವಲರ ಮರಾಠಿಯ 'ಶಾರದಾ' ಬಂದದ್ದು 1899ರಲ್ಲಿ. ಕರ್ಕಿಯ ಪ್ರಹಸನ ಇವೆರಡಕ್ಕೂ ಹಿಂದಿನದು.

ಕನ್ಯಾವಿಕ್ರಯದ ಮದುವೆಯಲ್ಲಿ ವಿಧಿ ಮತ್ತು ವಾಸ್ತವಗಳು ಬೇರ್ಪಡುತ್ತವೆ. ಮಂಟಪದಲ್ಲಿ ಕನ್ಯಾದಾನದ ಸಂಕಲ್ಪ ನಡೆಯುತ್ತದೆ; ಮಂಟಪದ ಹೊರಗೆ ತಂದೆ ಹಣ ಪಡೆದಿರುತ್ತಾನೆ. ವಿಧಿಯಿಂದ ಅದು ಬ್ರಾಹ್ಮ, ವ್ಯವಹಾರದಿಂದ ಆಸುರ. ಮನುಸ್ಮೃತಿಯೂ ಈ ತೊಡಕಿನಿಂದ ಮುಕ್ತವಲ್ಲ. ಆರ್ಷ ವಿವಾಹದಲ್ಲಿ ವರನಿಂದ ಗೋಮಿಥುನ ಪಡೆಯುವುದನ್ನು ಅದು ಹೇಳುತ್ತದೆ. ಮುಂದೆ, ಪಡೆದದ್ದು ಅಲ್ಪವಾಗಲಿ ಅಧಿಕವಾಗಲಿ ವಿಕ್ರಯವೇ ಎಂದು ಆಕ್ಷೇಪಿಸುತ್ತದೆ.

ಹಾಗೆಂದು ವಧುವಿನ ಕಡೆಗೆ ಹಣ ಸಲ್ಲುವ ಎಲ್ಲ ಮದುವೆಗಳನ್ನೂ ಆಸುರವೆಂದು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಕನ್ನಡನಾಡಿನ ಹಲವು ಕೃಷಿಕ ಸಮುದಾಯಗಳಲ್ಲಿ ವಧುವಿನ ಮನೆಗೆ ತೆರ ಸಲ್ಲುತ್ತಿತ್ತು. ಅಲ್ಲಿ ಹೆಣ್ಣು ಹೊಲಗದ್ದೆಯ ದುಡಿಮೆಯಲ್ಲಿ ಸಮಪಾಲುಗಾರ್ತಿ. ಗಂಡ ಸತ್ತರೆ ಕೂಡಿಕೆ, ಉಡಿಕೆ ಮುಂತಾದ ಹೆಸರಿನ ಮರುಮದುವೆಗೆ ಹಲವೆಡೆ ಅವಕಾಶವಿತ್ತು. ತೆರ ಆ ದುಡಿಮೆಯ ಬೆಲೆಗೆ ಸಂದ ಮನ್ನಣೆಯೂ ಆಗಿತ್ತು. ಬಾಲ್ಯವಿವಾಹ ಕಡ್ಡಾಯವಾಗಿದ್ದು ವಿಧವಾವಿವಾಹ ನಿಷಿದ್ಧವಾಗಿದ್ದ ಸಮಾಜದಲ್ಲಿಯಾದರೋ ಅದೇ ಹಣ ಎಳೆಯ ಬಾಲಕಿಯನ್ನು ವಯಸ್ಸಾದ ಧನಿಕನಿಗೆ ಒಪ್ಪಿಸಿ, ಆಕೆಯನ್ನು ಜೀವನಪೂರ್ತಿ ವೈಧವ್ಯಕ್ಕೆ ನೂಕಬಲ್ಲದಾಗಿತ್ತು. 1856ರ ವಿಧವಾ ಪುನರ್ವಿವಾಹ ಕಾಯಿದೆ ಕಾನೂನಿನ ಬಾಗಿಲು ತೆರೆದಿದ್ದರೂ ಸಮಾಜದ ಬಾಗಿಲು ಮುಚ್ಚಿಯೇ ಇತ್ತು. ಹಣ ಒಂದೇ, ಅದರ ಪರಿಣಾಮ ಬೇರೆ.

ಮುಂದೆ ಹಣದ ಹರಿವು ತಿರುಗಿ ವರದಕ್ಷಿಣೆ ಪ್ರಬಲವಾಯಿತು. 1961ರ ವರದಕ್ಷಿಣೆ ನಿಷೇಧ ಕಾಯಿದೆ ಒಂದು ಪಕ್ಷ ಇನ್ನೊಂದಕ್ಕೆ ಕೊಡುವುದನ್ನು ವ್ಯಾಖ್ಯಾನಿಸುವಾಗ ವಧು, ವರ ಎಂಬ ಭೇದ ಮಾಡಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯಾದರೋ ಉಭಯಪಕ್ಷಗಳಲ್ಲಿ ಯಾರದೇ ರೂಢಿಯ ವಿಧಿಗಳನ್ನು ಮಾನ್ಯಮಾಡುತ್ತದೆ. ಕಾನೂನು ವಿಧಿಯನ್ನೂ ವ್ಯವಹಾರವನ್ನೂ ಬೇರೆಬೇರೆಯಾಗಿ ಪರಿಶೀಲಿಸುತ್ತದೆ. ಅಧ್ಯಯನವು ಅವೆರಡನ್ನೂ ಜೊತೆಯಾಗಿರಿಸಿ ನೋಡಬೇಕಾಗಿದೆ. ಮದುವೆಯ ಬಗೆಯನ್ನು ನಿರ್ಣಯಿಸುವಾಗ ಯಾವ ಮಂತ್ರ ಎಂಬುದರ ಜೊತೆಗೆ, ಯಾರು ಯಾರಿಗೆ ಏನು ಕೊಟ್ಟರು, ಹೆಣ್ಣಿಗೆ ಉಳಿದದ್ದೇನು ಎಂದೂ ಕೇಳಬೇಕು. ಕರ್ಕಿಯ ಪ್ರಹಸನ ನಗೆಯ ಮೂಲಕ ಎತ್ತಿದ ಪ್ರಶ್ನೆಯ ಮಹತ್ವ ಇರುವುದು ಇಲ್ಲಿಯೇ.