ಗೌರಿಯ ದಿನ ಇಳಿದರೆ ಹತ್ತು, ಗಣೇಶನ ದಿನ ಇಳಿದರೆ ತೊಂಬತ್ತು

ನಮ್ಮ ಊಟದ ಮೇಜಿನ ಡ್ರಾಯರಿನಲ್ಲಿ ಒಂದು ಉದ್ದನೆಯ ಕಾಗದದ ಪಟ್ಟಿ ಸುತ್ತಿಟ್ಟಿದೆ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ, ಗೋಂದು ಹಚ್ಚಿ ಅಂಟಿಸಿ ನನ್ನ ಹೆಂಡತಿ ಮಾಡಿದ್ದು. ಚೌಕಾಬಾರದ ಮನೆಗಳ ಹಾಗೆ ಅದರಲ್ಲಿ ಕಾಲು ಇಂಚಿನ 180 ಮನೆಗಳಿವೆ. ಯುರೋಪಿಗೆ ಹೋಗುವ ಮಾತು ಎದ್ದಾಗಲೆಲ್ಲ ನಮ್ಮ ಮನೆಯಲ್ಲಿ ಪಾಸ್‌ಪೋರ್ಟಿಗಿಂತ ಮೊದಲು ಹೊರಗೆ ಬರುವುದು ಈ ಪಟ್ಟಿ.

ಟ್ರಿಯೆಸ್ಟ್ ಊರಿನಲ್ಲಿ ಮನೆ ಹಿಡಿದು ಇದ್ದುದರ ಬಗ್ಗೆ ಹೋದ ವಾರ ಬರೆದಿದ್ದೆ. ಅದನ್ನು ಓದಿ ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ: ‘ಅಷ್ಟು ದಿನಕ್ಕೆ ವೀಸಾ ಹೇಗೆ ಸಿಕ್ಕಿತು ಸಾರ್?’ ಇಟಲಿಯ ಈಶಾನ್ಯ ಮೂಲೆಯ ಈ ಬಂದರು ನಮ್ಮ ಬೆಂಗಳೂರಿನ ಭೌತವಿಜ್ಞಾನಿಗಳಿಗೆ ಚಿರಪರಿಚಿತ. ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ ಅಲ್ಲೇ ಇದೆ. ಪ್ರವಾಸಿಗಳಿಗೆ ಮಾತ್ರ ಅದು ಅಷ್ಟಾಗಿ ಗೊತ್ತಿಲ್ಲ. ಹತ್ತು ದಿನದಲ್ಲಿ ಎಂಟು ದೇಶ ತೋರಿಸುವ ಪ್ಯಾಕೇಜುಗಳ ದಾರಿಯಲ್ಲಿ ಆ ಊರು ಬರುವುದೇ ಇಲ್ಲ. ಒಂದೇ ಊರಿನಲ್ಲಿ ಎರಡು ಮೂರು ತಿಂಗಳು ಇದ್ದು, ತರಕಾರಿಯವನ ಜೊತೆ ಪರಿಚಯವಾಗಿ, ಗಾಳಿ ತಿರುಗುವ ಕಾಲ ತಿಳಿಯುವಷ್ಟು ನೆಲೆಸಿ ಬರಬೇಕು ಎನ್ನುವವರಿಗಾಗಿ ಈ ಅಂಕಣ. ಅಂಥವರಿಗೆ ವೀಸಾ ಎಂದರೆ ಏಜೆಂಟರ ಕೈಗೆ ಕೊಟ್ಟು ಮರೆಯುವ ಕೆಲಸವಲ್ಲ. ಅಲ್ಲಿನ ವಾಸ ಶುರುವಾಗುವುದೇ ಅದರಿಂದ.

ಇಟಲಿಗೆಂದು ಬೇರೆ ಪ್ರವಾಸಿ ವೀಸಾ ಇಲ್ಲ. ಸಿಗುವುದು ಷೆಂಗೆನ್ ವೀಸಾ. ಲಕ್ಸೆಂಬರ್ಗಿನ ಒಂದು ಪುಟ್ಟ ಹಳ್ಳಿಯ ಹೆಸರು ಅದು. 1985ರ ಜೂನ್ 14ರಂದು ಆ ಹಳ್ಳಿಯ ಪಕ್ಕದ ಮೊಸೆಲ್ ನದಿಯಲ್ಲಿ, ಹಡಗೊಂದರ ಮೇಲೆ ಕುಳಿತು ಐದು ದೇಶಗಳು ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದವು. ಈಗ ಒಳಗಿರುವುದು 29 ದೇಶಗಳು. ನಮಗೆ ಬೇಕಾದ ನಿಯಮ ಒಂದೇ ಸಾಲಿನದು: ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ದೇಶಕ್ಕೆ ತೊಂಬತ್ತಲ್ಲ, ಇಪ್ಪತ್ತೊಂಬತ್ತೂ ದೇಶಗಳಿಗೆ ಸೇರಿ ತೊಂಬತ್ತು. ಇಳಿದ ದಿನವೂ ಲೆಕ್ಕಕ್ಕೆ ಬರುತ್ತದೆ, ಹೊರಟ ದಿನವೂ ಬರುತ್ತದೆ.

ನಿಯಮ ಚಿಕ್ಕದಾದರೂ ತಿಳಿದವರೂ ಎಡವುವುದು ಅದರಲ್ಲಿನ ‘ಯಾವುದೇ’ ಎಂಬ ಪದದಲ್ಲಿ. ಜನವರಿಯಿಂದ ಜೂನ್ ಒಂದು ಕಂತು, ಜುಲೈಯಿಂದ ಡಿಸೆಂಬರ್ ಇನ್ನೊಂದು ಕಂತು ಎಂದುಕೊಳ್ಳುತ್ತಾರೆ. ಹಾಗಲ್ಲ. ಅಲ್ಲಿ ಕಳೆಯುವ ಪ್ರತಿಯೊಂದು ದಿನವೂ, ಆ ದಿನವನ್ನು ಸೇರಿಸಿಕೊಂಡು ಹಿಂದಕ್ಕೆ 180 ದಿನ ಎಣಿಸಬೇಕು. ಅಷ್ಟರೊಳಗೆ ನೀವು ಅಲ್ಲಿದ್ದ ದಿನಗಳು ತೊಂಬತ್ತು ದಾಟಿರಬಾರದು. ನಾಳೆ ಆ ಅಳತೆ ಒಂದು ಮನೆ ಮುಂದೆ ಸರಿಯುತ್ತದೆ. ಮುಂದಿನ ತುದಿ ಹೊಸ ದಿನವೊಂದನ್ನು ಒಳಗೆ ಎಳೆದುಕೊಂಡರೆ, ಹಿಂದಿನ ತುದಿ ಹಳೆಯ ದಿನವೊಂದನ್ನು ಬಿಟ್ಟುಕೊಡುತ್ತದೆ. ನಮ್ಮ ಕಾಗದದ ಪಟ್ಟಿ ಹುಟ್ಟಿದ್ದು ಇದಕ್ಕೇ. ವರ್ಷದ ತಾರೀಖುಗಳನ್ನೆಲ್ಲ ಒಂದೇ ಸಾಲಿನಲ್ಲಿ ಬರೆದ ಇನ್ನೊಂದು ಪಟ್ಟಿಯನ್ನು ಹಜಾರದ ನೆಲದ ಮೇಲೆ ಬಿಡಿಸಿ, ಅಲ್ಲಿದ್ದ ದಿನಗಳಿಗೆ ಕೆಂಪು ಬಳಿದು, ಪಕ್ಕದಲ್ಲಿ 180 ಮನೆಯ ಪಟ್ಟಿಯನ್ನು ಸರಿಸುತ್ತಾ ಹೋಗುತ್ತೇವೆ.

2025ರಲ್ಲಿ ನಾವು ಮಾರ್ಚ್ 10ರಂದು ಇಳಿದು ಮೇ 28ರಂದು ಹೊರಟೆವು. ಒಟ್ಟು 80 ದಿನ. ಮತ್ತೆ ಶರದೃತುವಿಗೆ ಹೋಗುವ ಆಸೆ. ಟಿಕೆಟ್ ನೋಡಿದ ಏಜೆಂಟರು, ‘ಆಗಸ್ಟ್ 26ಕ್ಕೆ ಅಲ್ಲಿ ಇಳಿಯುವ ಹಾಗೆ ತಗೊಳ್ಳಿ ಸಾರ್, ಎಂಟು ಸಾವಿರ ಕಡಿಮೆ. ಒಂದು ದಿನದ್ದೇನು ಮಹಾ’ ಎಂದರು. ಆ ವರ್ಷ 26 ಗೌರಿ ಹಬ್ಬ, 27 ಗಣೇಶನ ಹಬ್ಬ. ನೆಲದ ಮೇಲೆ ಪಟ್ಟಿ ಬಿಡಿಸಿದೆವು.

26ರಂದು ಇಳಿದಿದ್ದರೆ ಹಳೆಯ 80 ದಿನಕ್ಕೆ ಹೊಸ ದಿನಗಳು ಕೂಡುತ್ತಾ ಹೋಗಿ ಸೆಪ್ಟೆಂಬರ್ 4ಕ್ಕೆ ಸರಿಯಾಗಿ 90. ಮರುದಿನ, 5ರಂದು, ಹಿಂದಿನ ತುದಿ ಇನ್ನೂ ಮಾರ್ಚ್ 10ರ ಮೇಲೆಯೇ ನಿಂತಿರುತ್ತದೆ. ಅದು ಒಳಗೇ ಇರುವುದರಿಂದ ಲೆಕ್ಕ 91. ಅಂದರೆ 4ನೇ ತಾರೀಖೇ ಗಂಟುಮೂಟೆ ಕಟ್ಟಬೇಕು. ಸಿಕ್ಕಿದ್ದು ಹತ್ತು ದಿನ. 27ರಂದು ಇಳಿದರೆ? ಸೆಪ್ಟೆಂಬರ್ 5ಕ್ಕೆ 90 ಆಗುತ್ತದೆ. 6ನೇ ತಾರೀಖು ಹೊಸ ದಿನ ಒಳಗೆ ಬರುವ ಹೊತ್ತಿಗೆ ಮಾರ್ಚ್ 10 ಹೊರಗೆ ಬಿದ್ದಿರುತ್ತದೆ. ಲೆಕ್ಕ 90ರಲ್ಲೇ ನಿಂತಿತು. 7ಕ್ಕೆ ಮಾರ್ಚ್ 11 ಹೋಯಿತು, 8ಕ್ಕೆ ಮಾರ್ಚ್ 12. ಹೀಗೆ ವಸಂತದ ದಿನಗಳು ಒಂದೊಂದಾಗಿ ಉದುರುತ್ತಾ, ಶರತ್ಕಾಲದ ದಿನಗಳಿಗೆ ಜಾಗ ಬಿಡುತ್ತಾ, ನವೆಂಬರ್ 24ರವರೆಗೆ ನಡೆಯುತ್ತದೆ. ಪೂರ್ತಿ ತೊಂಬತ್ತು ದಿನ.

ಒಂದು ದಿನ ಮೊದಲು ಇಳಿದರೆ ಹತ್ತು, ಒಂದು ದಿನ ತಡೆದರೆ ತೊಂಬತ್ತು! ಮೂರು ಸಲ ಎಣಿಸಿದೆವು. ಐರೋಪ್ಯ ಒಕ್ಕೂಟದವರೇ ಜಾಲತಾಣದಲ್ಲಿ ಇಟ್ಟಿರುವ ದಿನಗಳ ಲೆಕ್ಕಯಂತ್ರದಲ್ಲೂ ಹಾಕಿ ನೋಡಿದೆವು, ಅದೇ ಉತ್ತರ. ‘ಸರಿಯೇ ಆಯ್ತಲ್ಲ ರೀ, ಬಾಗಿನ ಕೊಟ್ಟು, ಗೌರಿಗೆ ಮಂಗಳಾರತಿ ಎತ್ತಿ ಹೊರಡೋಣ’ ಎಂದಳು ಹೆಂಡತಿ. 26ರ ರಾತ್ರಿ ವಿಮಾನ ಹತ್ತಿ 27ರ ಬೆಳಿಗ್ಗೆ ಇಳಿದೆವು. ನಮ್ಮ ವಿಮಾನ ಬೆಂಗಳೂರು ಬಿಟ್ಟ ದಿನ ಅವರಿಗೆ ಲೆಕ್ಕವಿಲ್ಲ, ಅವರ ಗಡಿ ದಾಟಿದ ದಿನವೇ ಲೆಕ್ಕ.

ಹಾಗೆಂದು ಎಲ್ಲರ ವೀಸಾಕ್ಕೂ ಈ ಲೆಕ್ಕ ಹೊಂದುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಅಂಟಿಸುವ ಸ್ಟಿಕ್ಕರನ್ನು ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಓದಬೇಕು. ಅದರಲ್ಲಿ ಮೂರು ಸಂಗತಿಗಳಿವೆ. ಇಂಥ ದಿನದಿಂದ ಇಂಥ ದಿನದವರೆಗೆ ಎಂಬುದು ಮೊದಲನೆಯದು. ಎಷ್ಟು ಸಲ ಒಳಗೆ ಹೋಗಬಹುದು ಎಂಬುದು ಎರಡನೆಯದು. ಅಲ್ಲಿ 1 ಅಥವಾ 2 ಎಂದಿರುತ್ತದೆ, ಇಲ್ಲವೇ ‘ಮಲ್ಟ್’ ಎಂದಿರುತ್ತದೆ. ಎಷ್ಟು ದಿನ ಇರಬಹುದು ಎಂಬುದು ಮೂರನೆಯದು. ಒಂದೇ ಪ್ರವೇಶದ ವೀಸಾದಲ್ಲಿ ಮೊದಲನೆಯದಕ್ಕೂ ಮೂರನೆಯದಕ್ಕೂ ಸಾಮಾನ್ಯವಾಗಿ 15 ದಿನದ ಅಂತರ ಇರುತ್ತದೆ. ಪ್ರಯಾಣದ ತಾರೀಖು ಅತ್ತಿತ್ತ ಸರಿದರೆ ತೊಂದರೆಯಾಗದಿರಲಿ ಎಂದು ಕೊಡುವ ಸಡಿಲಿಕೆ ಅದು. ಹೆಚ್ಚುವರಿ ವಾಸಕ್ಕೆ ಕೊಟ್ಟದ್ದಲ್ಲ. ನಮಗೆ ಪರಿಚಯದ ಒಬ್ಬ ನಿವೃತ್ತ ದಂಪತಿ 60 ದಿನದ ವೀಸಾದಲ್ಲಿ ಹೋಗಿದ್ದವರು, ಕೊನೆಯ ತಾರೀಖು ಇನ್ನೂ ದೂರ ಇದೆಯಲ್ಲ ಎಂದು ವಾಪಸ್ ಟಿಕೆಟನ್ನು 70ನೇ ದಿನಕ್ಕೆ ಮುಂದೂಡಿದರು. ಹೊರಡುವಾಗ ವಿಮಾನ ನಿಲ್ದಾಣದಲ್ಲಿ ತಡೆದು ದಂಡ ಹಾಕಿದರು. ದಂಡದ ಹಣ ಹೋಗಲಿ. ಮುಂದಿನ ಸಲ ಅರ್ಜಿ ಹಾಕಿದಾಗ ಆ ಹತ್ತು ದಿನಗಳ ಕಥೆಯನ್ನು ಮತ್ತೆ ಬಿಡಿಸಿ ಹೇಳಬೇಕಾಯಿತು. ವೃದ್ಧಾಪ್ಯದಲ್ಲಿ, ಯಾವ ದುರುದ್ದೇಶವೂ ಇಲ್ಲದವರಿಗೆ ಅದು ಎಷ್ಟು ನೋವಿನ ಸಂಗತಿ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವ ನಮ್ಮ ತಾಯಂದಿರಿಗೂ ಈ ಮಾತು ಅನ್ವಯಿಸುತ್ತದೆ. ವೀಸಾ ಹತ್ತು ವರ್ಷದ್ದಿರಬಹುದು. ಆದರೆ ಇರಬಹುದಾದ ಅವಧಿಯನ್ನು ಇಳಿದಾಗ ಅಲ್ಲಿನ ಅಧಿಕಾರಿ ಗೊತ್ತುಮಾಡುತ್ತಾರೆ, ಸಾಮಾನ್ಯವಾಗಿ ಆರು ತಿಂಗಳು. ಐ-94 ಎಂಬ ದಾಖಲೆಯಲ್ಲಿರುವ ತಾರೀಖೇ ಕೊನೆಯ ತಾರೀಖು.

ಇನ್ನು ಅರ್ಜಿಯ ವಿಚಾರ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡವಾಗಬಾರದು. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಆರೋಗ್ಯ ವಿಮೆ ಬೇಕು. ಐಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಪಿಂಚಣಿ ಪತ್ರ ಇವೆಲ್ಲ ವೀಸಾ ಕೇಂದ್ರದ ಪಟ್ಟಿಯಲ್ಲೇ ಇರುತ್ತವೆ, ಇಲ್ಲಿ ಬರೆದು ಜಾಗ ತುಂಬಿಸುವುದಿಲ್ಲ. ನಾನು ಹೇಳಬೇಕಾದ್ದು ಕವರಿಂಗ್ ಲೆಟರ್ ಬಗ್ಗೆ. ಏಜೆಂಟರ ಕಂಪ್ಯೂಟರಿನಲ್ಲಿ ಅದಕ್ಕೊಂದು ಸಿದ್ಧ ನಮೂನೆ ಇರುತ್ತದೆ. ಹೆಸರು, ತಾರೀಖು ಬದಲಿಸಿದರೆ ಯಾರದಾದರೂ ಆದೀತು. ಹತ್ತು ದಿನದ ಪ್ರವಾಸಕ್ಕೆ ಅದು ಸಾಕಾದೀತು. ಎಂಬತ್ತು ದಿನ ಒಂದೇ ಊರಿನಲ್ಲಿ ಇರುತ್ತೇನೆ ಎನ್ನುವವರನ್ನು ನೋಡಿದಾಗ ಅಧಿಕಾರಿಯ ಮನಸ್ಸಿನಲ್ಲಿ ಸಹಜವಾಗಿ ಏಳುವ ಪ್ರಶ್ನೆ, ‘ಅಷ್ಟು ದಿನ ಅಲ್ಲಿ ಏನು ಮಾಡುತ್ತಾರೆ?’ ಅದಕ್ಕೆ ಉತ್ತರ ನಿಮ್ಮದೇ ಆಗಿರಬೇಕು. ಯಾವ ಬೀದಿಯಲ್ಲಿ ಮನೆ, ಬಾಡಿಗೆ ಎಷ್ಟು, ಖರ್ಚು ಯಾರದು, ಯಾಕೆ ಅದೇ ಊರು, ವಾಪಸ್ ಬರಲು ಊರಿನಲ್ಲಿ ಏನೇನು ಕಾದಿದೆ ಎಂಬುದನ್ನು ಒಂದು ಪುಟದೊಳಗೆ ನೇರವಾಗಿ ಬರೆಯಿರಿ. ನಾನು ಮನೆಯ ಕಂದಾಯ ರಸೀದಿಯ ಜೊತೆಗೆ, ಡಿಸೆಂಬರಿನಲ್ಲಿ ಮೊಮ್ಮಗನ ಉಪನಯನ ಇದೆ ಎಂದೂ ಬರೆದೆ. ಅದು ನಿಜವಾಗಿತ್ತು.

ನಿಜ ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಡಮ್ಮಿ ಟಿಕೆಟ್, ಬುಕ್ ಮಾಡಿ ವೀಸಾ ಬಂದ ಮೇಲೆ ರದ್ದು ಮಾಡುವ ಹೋಟೆಲ್, ಇವೆಲ್ಲ ಈಗ ಮಾಮೂಲಾಗಿಬಿಟ್ಟಿವೆ. ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕು ಎಂಬುದು ನಿಯಮ. ಬೇಗ ವೀಸಾ ಕೊಡುತ್ತಾರೆಂದು ಇನ್ನೊಂದು ದೇಶದ ಹೆಸರು ಬರೆದು, ಇಳಿದದ್ದೇ ಇಟಲಿಗೆ ಓಡುವವರನ್ನು ಕಂಡಿದ್ದೇನೆ. ಕೊಟ್ಟ ವೀಸಾವನ್ನು ಗಡಿಯಲ್ಲೇ ರದ್ದು ಮಾಡುವ ಅಧಿಕಾರ ಅವರಿಗಿದೆ. ಅದಕ್ಕಿಂತ ಮುಖ್ಯವಾಗಿ, ಮೂರು ತಿಂಗಳು ನಮ್ಮನ್ನು ಇಟ್ಟುಕೊಳ್ಳುವ ಊರಿಗೆ ಸುಳ್ಳಿನ ಕಾಗದ ಹಿಡಿದು ಹೋಗುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಸರಿಯಾಗಿ ನಡೆದುಕೊಂಡವರಿಗೆ ದಾರಿ ಅಗಲವಾಗುತ್ತದೆ ಎಂಬುದೂ ನಿಜ. 2024ರ ಏಪ್ರಿಲ್ 18ರಂದು ಐರೋಪ್ಯ ಆಯೋಗ ಭಾರತದಲ್ಲಿ ವಾಸಿಸುವ ಭಾರತೀಯರಿಗೆಂದೇ ಒಂದು ನಿಯಮ ತಂದಿತು. ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ಕಾನೂನುಬದ್ಧವಾಗಿ ಬಳಸಿದವರಿಗೆ ಎರಡು ವರ್ಷದ ಮಲ್ಟಿಪಲ್ ಎಂಟ್ರಿ ವೀಸಾ, ಪಾಸ್‌ಪೋರ್ಟ್ ಅವಧಿ ಇದ್ದರೆ ಆಮೇಲೆ ಐದು ವರ್ಷದ್ದು. ನಮ್ಮ ವಸಂತ ಮತ್ತು ಶರತ್ತಿನ ಎರಡು ವಾಸಗಳು ಒಂದೇ ಸ್ಟಿಕ್ಕರಿನಲ್ಲಿ ನಡೆದದ್ದು ಹೀಗೆ. ಐದು ವರ್ಷದ ವೀಸಾ ಇದ್ದರೂ 180ಕ್ಕೆ 90 ಎಂಬುದು ಹಾಗೇ ಇರುತ್ತದೆ, ಮರೆಯಬೇಡಿ.

ಹಿಂದೆ ಟ್ರಿಯೆಸ್ಟಿನಲ್ಲಿ ಇದ್ದವರಿಗೆ ಒಂದು ಅನುಕೂಲ ಇತ್ತು. ದಿನ ಮುಗಿಯುತ್ತಾ ಬಂದರೆ ಬಸ್ ಹತ್ತಿ ಸ್ಲೊವೇನಿಯಾ ದಾಟಿ ಕ್ರೊಯೇಷಿಯಾದ ರಿಯೇಕಾಕ್ಕೆ ಹೋಗಿ ಕುಳಿತರೆ ಲೆಕ್ಕ ನಿಲ್ಲುತ್ತಿತ್ತು. 2022ರಲ್ಲಿ ನಾವೇ ಹೋಗಿದ್ದೆವು, ಗಡಿಯಲ್ಲಿ ಬಸ್ ನಿಲ್ಲಿಸಿ ಮುದ್ರೆ ಒತ್ತಿದ್ದರು. 2023ರ ಜನವರಿ 1ರಂದು ಕ್ರೊಯೇಷಿಯಾ ಷೆಂಗೆನ್ ಒಳಗೆ ಬಂತು. 2025ರ ಜನವರಿ 1ಕ್ಕೆ ಬಲ್ಗೇರಿಯಾ, ರೊಮೇನಿಯಾಗಳ ರಸ್ತೆ ಗಡಿಗಳೂ ಬಂದವು. ಹಳೆಯ ಪ್ರವಾಸ ಪುಸ್ತಕ ಓದಿ ಯಾರೂ ಮೋಸಹೋಗಬಾರದು. ತೊಂಬತ್ತನ್ನು ದಾಟಿ ಒಂದೇ ಕಡೆ ಇರಬೇಕೆನ್ನುವವರಿಗೆ ಬೇರೆಯದೇ ವೀಸಾ ಇದೆ, ‘ಡಿ’ ಮಾದರಿಯದು. ಫ್ರಾನ್ಸಿನಲ್ಲಿ ಅದನ್ನು ಸಂದರ್ಶಕರಿಗೆ ಒಂದು ವರ್ಷದವರೆಗೂ ಕೊಡುತ್ತಾರೆ. ಅಲ್ಲಿ ಕೆಲಸ ಮಾಡುವುದಿಲ್ಲವೆಂದು ಬರೆದುಕೊಡಬೇಕು, ಇಳಿದ ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ಊರ್ಜಿತಗೊಳಿಸಿಕೊಳ್ಳಬೇಕು. ಬ್ರಿಟನ್ ಷೆಂಗೆನ್ ಲೆಕ್ಕದ ಹೊರಗೆ. ಅದರ ಸಂದರ್ಶಕ ವೀಸಾದಲ್ಲಿ ಒಂದು ಸಲಕ್ಕೆ ಆರು ತಿಂಗಳವರೆಗೆ ಇರಬಹುದು.

2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಮುದ್ರೆಯ ಬದಲು ಕಂಪ್ಯೂಟರ್ ದಾಖಲೆ ಶುರುವಾಗಿದೆ. ಹಿಂದೆ ಅಧಿಕಾರಿ ಪುಟ ಮಗುಚಿ, ಮಾಸಿದ ಮುದ್ರೆಗಳನ್ನು ಹುಡುಕಿ ಎಣಿಸಬೇಕಿತ್ತು. ಈಗ ಒಂದು ದಿನ ಹೆಚ್ಚಾದರೂ ಯಂತ್ರವೇ ತೋರಿಸುತ್ತದೆ. ವಿಮಾನ ರದ್ದಾದರೆ ಎಂಬ ಭಯಕ್ಕೆ ನಾವು ನವೆಂಬರ್ 24ರವರೆಗೆ ಎಳೆಯದೆ 20ಕ್ಕೇ ಟಿಕೆಟ್ ಮಾಡಿಸಿದ್ದೆವು.

ಇಷ್ಟೆಲ್ಲ ಲೆಕ್ಕ ಯಾವುದಕ್ಕೆ ಎಂದರೆ, ಟ್ರಿಯೆಸ್ಟಿನ ಮೇಲಿನ ಕಾರ್ಸ್ಟ್ ಗುಡ್ಡದ ಮೇಲೆ ಸ್ಲೊವೀನ್ ಮಾತಾಡುವ ಹಳ್ಳಿಗಳಿವೆ. ಅಲ್ಲಿನ ರೈತರು ತಮ್ಮದೇ ದ್ರಾಕ್ಷಾರಸ, ಚೀಸ್, ಮೊಟ್ಟೆಗಳನ್ನು ಮನೆಯಂಗಳದಲ್ಲೇ ಮಾರಲು 1784ರಲ್ಲಿ ಎರಡನೇ ಜೋಸೆಫ್ ದೊರೆ ಅಪ್ಪಣೆ ಕೊಟ್ಟ, ಎಂಟು ದಿನಗಳ ಮಟ್ಟಿಗೆ. ಸ್ಲೊವೀನ್ ಭಾಷೆಯಲ್ಲಿ ಎಂಟಕ್ಕೆ ‘ಓಸೆಮ್’ ಎನ್ನುತ್ತಾರೆ. ಅದರಿಂದ ಆ ಮನೆಗಳಿಗೆ ‘ಓಸ್ಮಿತ್ಸ’ ಎಂದು ಹೆಸರು. ಇಂದಿಗೂ ಒಂದೊಂದು ಮನೆ ವರ್ಷದಲ್ಲಿ ಕೆಲವೇ ದಿನ ತೆರೆಯುತ್ತದೆ. ತೆರೆದಿದೆ ಎಂಬುದಕ್ಕೆ ಗುರುತಾಗಿ ರಸ್ತೆಯ ತಿರುವಿನಲ್ಲಿ ಹಸಿರು ಟೊಂಗೆ ಕಟ್ಟುತ್ತಾರೆ. ವಸಂತದಲ್ಲಿ ನಾವು ನಡೆದುಹೋಗಿ ನೋಡಿದ ಮನೆಯ ಬಾಗಿಲು ಹಾಕಿತ್ತು. ಅಂಗಳ ಗುಡಿಸುತ್ತಿದ್ದ ಅಜ್ಜಿ ಕೈಬೆರಳಿನಲ್ಲಿ ಎಣಿಸಿ, ಅಕ್ಟೋಬರಿನಲ್ಲಿ ಬನ್ನಿ ಎಂದಿದ್ದರು.

ಅಕ್ಟೋಬರ್ 24ರಂದು ಹೋದಾಗ ತಿರುವಿನ ಕಂಬಕ್ಕೆ ಟೊಂಗೆ ಕಟ್ಟಿತ್ತು. ಉದ್ದನೆಯ ಬೆಂಚಿನ ಮೇಲೆ ಕುಳಿತೆವು. ಬ್ರೆಡ್ಡು, ಚೀಸ್, ಉಪ್ಪಿನಲ್ಲಿ ಹಾಕಿದ ತರಕಾರಿ ಬಂತು. ಕೆಳಗೆ ದೂರದಲ್ಲಿ ಸಮುದ್ರ. ಇನ್ನು ನಾಲ್ಕು ದಿನ ಮಾತ್ರ ತೆರೆದಿರುತ್ತೇವೆ ಎಂದರು ಅಜ್ಜಿ. ನಮ್ಮ ಕೈಯಲ್ಲಿ ಇನ್ನೂ ಇಪ್ಪತ್ತೇಳು ದಿನ ಇದ್ದವು.