ಸಿಡಿಯುವ ಜೀರುಂಡೆ: ನಾವು ಓದುತ್ತಿರುವುದು ಎಷ್ಟು ಸರಿ?

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟದಿಂದ ಸೊಪ್ಪು, ದರಕು ತರುವುದನ್ನು ನೀವು ಬಲ್ಲಿರಿ. ಒದ್ದೆ ದರಕನ್ನೋ ಕಲ್ಲನ್ನೋ ಎತ್ತಿ ನೋಡುವ ಅಭ್ಯಾಸವಿದ್ದರೆ ಅದರಡಿಯ ನೆಲದ ಜೀರುಂಡೆಗಳ ಪರಿಚಯವೂ ಇರುತ್ತದೆ. ಇವುಗಳಲ್ಲಿ ಫೆರೊಪ್ಸೊಫಸ್ ಜಾತಿ ವಿಚಿತ್ರವಾದದ್ದು. ಇದರ ಹಲವು ಪ್ರಭೇದಗಳು ದಕ್ಷಿಣ ಭಾರತದಲ್ಲಿವೆ. ಹಿಡಿಯಲು ಹೋದರೆ ‘ಟಪ್’ ಎಂಬ ಸದ್ದು, ಸಣ್ಣ ಹೊಗೆ, ಬೆರಳಿಗೆ ಚುರುಕು. ಆಮೇಲೆ ಚರ್ಮದ ಮೇಲೆ ಕಂದು ಕಲೆ.

ಈ ಕೀಟದ ಬಗ್ಗೆ ಜನಪ್ರಿಯ ಬರಹಗಳು ಹೇಳುವುದೇನು? ಒಂದು ಚೀಲದಲ್ಲಿ ಹೈಡ್ರೊಜನ್ ಪೆರಾಕ್ಸೈಡ್, ಇನ್ನೊಂದರಲ್ಲಿ ಹೈಡ್ರೊಕ್ವಿನೋನ್. ಎರಡೂ ಬೆರೆತೊಡನೆ ಸ್ಫೋಟ! ಇದು ತಪ್ಪು. ಎರಡೂ ಒಂದೇ ಚೀಲದಲ್ಲಿ ಬೆರೆತೇ ಇರುತ್ತವೆ, ಏನೂ ಆಗುವುದಿಲ್ಲ. ಆ ದ್ರವ ಮುಂದಿನ ಗಟ್ಟಿಗೋಡೆಯ ಕೋಣೆಗೆ ನುಗ್ಗಿದಾಗ ಅಲ್ಲಿನ ಕೆಟಲೇಸ್, ಪೆರಾಕ್ಸಿಡೇಸ್ ಕಿಣ್ವಗಳು ಕೆಲಸ ಶುರುಮಾಡುತ್ತವೆ. ಆಕ್ಸಿಜನ್ ಬಿಡುಗಡೆಯಾಗುತ್ತದೆ, ಹೈಡ್ರೊಕ್ವಿನೋನು ಕ್ವಿನೋನ್ ಆಗುತ್ತದೆ, ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಇಂಥ ಗ್ರಂಥಿ ಎಡಕ್ಕೊಂದು, ಬಲಕ್ಕೊಂದು ಇದೆ. ಎರಡು ಚೀಲಗಳ ಕಥೆ ಹುಟ್ಟಿದ್ದು ಬಹುಶಃ ಇಲ್ಲೇ. ಕಿಣ್ವದ ಪಾತ್ರವನ್ನು ಕೈಬಿಟ್ಟರೆ ವಿದ್ಯಾರ್ಥಿಗೆ ಉಳಿಯುವುದು ಪಟಾಕಿ ಮಾತ್ರ, ಜೀವರಸಾಯನವಲ್ಲ.

ಸರಿಯಾದ ವಿವರ ಬೇಕಿದ್ದವರು ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿದ್ದ ಥಾಮಸ್ ಐಸ್ನರ್ (1929–2011) ಬರೆದ ‘ಫಾರ್ ಲವ್ ಆಫ್ ಇನ್‌ಸೆಕ್ಟ್ಸ್’ (2003) ಓದಬೇಕು. ಮೊದಲ ಅಧ್ಯಾಯವೇ ಈ ಜೀರುಂಡೆಗಳದ್ದು. ಪ್ರಶ್ನೆಯೊಂದು ಹೇಗೆ ಪ್ರಯೋಗವಾಗುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಪುಸ್ತಕಗಳು ಕಡಿಮೆ. ಸಿಂಪಡಣೆ ಒಂದೇ ಧಾರೆಯಲ್ಲ, ಸೆಕೆಂಡಿಗೆ ಸುಮಾರು 500 ಮಿಡಿತಗಳ ಸರಣಿ ಎಂದು 1990ರಲ್ಲಿ ತೋರಿಸಿದ ತಂಡದಲ್ಲಿ ಅವರಿದ್ದರು.

ಆದರೂ ನನಗೊಂದು ತಕರಾರಿದೆ. ಅಲ್ಲಿಯೂ ಒತ್ತು ಆಯುಧದ ಮೇಲೇ. ಜೀರುಂಡೆಯ ಬದುಕು ಸಿಡಿಯುವ ಆ ಗಳಿಗೆಯಷ್ಟೇ ಅಲ್ಲವಷ್ಟೆ? ಜಪಾನಿನ ಫೆರೊಪ್ಸೊಫಸ್ ಜೆಸೊಎನ್ಸಿಸ್‌ನ ಮರಿಹುಳು ಬೆಳೆಯುವುದು ಮಣ್ಣಿನಲ್ಲಿ ಸುರಂಗ ಕೊರೆಯುವ ಮೋಲ್ ಕ್ರಿಕೆಟ್‌ನ ಮೊಟ್ಟೆಗಳನ್ನು ತಿಂದು. ದಕ್ಷಿಣ ಅಮೆರಿಕದ ಅದೇ ಜಾತಿಯ ಇನ್ನೊಂದು ಪ್ರಭೇದದ್ದೂ ಇದೇ ಊಟ. ಹಾಗೆಂದೇ ಪೀಡೆ ನಿಯಂತ್ರಣಕ್ಕೆ ಅದು ಬಂದೀತೇ ಎಂದು ಫ್ಲಾರಿಡಾದಲ್ಲಿ ಪರೀಕ್ಷಿಸಿದರು. 2018ರಲ್ಲಿ ಜಪಾನಿನಿಂದಲೇ ಇನ್ನೊಂದು ಸ್ವಾರಸ್ಯದ ವರದಿ ಬಂತು: ಈ ಜೀರುಂಡೆಯನ್ನು ನುಂಗಿದ ನೆಲಗಪ್ಪೆಗಳಲ್ಲಿ ಶೇಕಡ 43ರಷ್ಟು, 12ರಿಂದ 107 ನಿಮಿಷಗಳೊಳಗೆ ಅದನ್ನು ಕಕ್ಕಿದವು. ಜೀರುಂಡೆ ಜೀವಂತ!

ನಮ್ಮ ತೋಟಗಳ ಜೀರುಂಡೆಗಳ ಮರಿಹುಳು ಏನು ತಿನ್ನುತ್ತದೆ? ಪಾಠ ಮಾಡುವವರು ಕೇಳಬೇಕಾದ ಪ್ರಶ್ನೆ ಇದು. ಬೆಂಕಿಪೆಟ್ಟಿಗೆಯಲ್ಲಿ ಹುಳು ತಂದು ತರಗತಿಯಲ್ಲಿ ‘ಟಪ್’ ಅನಿಸಿದರೆ ಅದಕ್ಕೆ ಉತ್ತರ ಸಿಗದು. ತೋಟದ ಕಪ್ಪಿನ ಒದ್ದೆ ಮಣ್ಣಿನಲ್ಲಿ ಮೋಲ್ ಕ್ರಿಕೆಟ್‌ನ ಮೊಟ್ಟೆಗೂಡು ಸಿಕ್ಕರೆ, ಒಡೆಯುವ ಮುಂಚೆ ಒಳಗೆ ಇನ್ನಾರಾದರೂ ಇದ್ದಾರೆಯೇ ನೋಡಿ. ಕಣ್ಣನ್ನು ಮಾತ್ರ ತೀರ ಹತ್ತಿರ ಒಯ್ಯಬೇಡಿ.