ಸಂಬಳವಿಲ್ಲದ ಮೇಷ್ಟ್ರು

ರಿಟೈರ್ ಆದವರ ‘ಯುನಿವರ್ಸಿಟಿ ಆಫ್ ದ ಥರ್ಡ್ ಏಜ್’ 1973ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಶುರುವಾದಾಗ ಪಾಠ ಹೇಳಿದ್ದು ವಿಶ್ವವಿದ್ಯಾಲಯದ ಮೇಷ್ಟ್ರುಗಳೇ. ಎಂಬತ್ತರ ದಶಕದ ಆರಂಭದಲ್ಲಿ ಅದನ್ನು ಬ್ರಿಟನ್ನಿಗೆ ತಂದ ಪೀಟರ್ ಲ್ಯಾಸ್ಲೆಟ್ ಮತ್ತು ಜೊತೆಗಾರರು ಮೇಷ್ಟ್ರನ್ನೇ ತೆಗೆದುಬಿಟ್ಟರು. ಒಂದು ಗುಂಪಿನಲ್ಲಿ ಇಟಾಲಿಯನ್ ಕಲಿಸೋರು ಇನ್ನೊಂದರಲ್ಲಿ ಹಕ್ಕಿ ನೋಡೋದನ್ನು ಕಲೀತಾರೆ. ಪರೀಕ್ಷೆಯಿಲ್ಲ, ಸರ್ಟಿಫಿಕೇಟಿಲ್ಲ, ಕಲಿಸಿದವರಿಗೆ ಸಂಬಳವೂ ಇಲ್ಲ. ನನಗೆ ಹಿಡಿಸೋದು ಇದೇ. ಕೆಲಸ ಹೋದವರಿಗೆ ಹೊಸ ವಿದ್ಯೆಗಿಂತ ಮೊದಲು ಬೇಕಾಗೋದು ‘ನಿಮಗೆ ಗೊತ್ತಿರೋದನ್ನು ಹೇಳಿಕೊಡಿ’ ಅನ್ನೋ ಮಾತು.

ನಮ್ಮಲ್ಲಿ ಲೇಆಫ್ ಆದವರಿಗೆಂದೇ ನಡೆಯುವ ಕೋಹಾರ್ಟ್‌ಗಳನ್ನು ನೋಡಿ. ಹೆಸರಿಗೆ ಸಮಾನರ ಗುಂಪು. ಸ್ಲೈಡು ಕೋಚ್‌ದು, ಫೀಸು ಮಾತ್ರ ಸಂಬಳ ನಿಂತವರದ್ದು! ಹತ್ತು ವರ್ಷ ಸರ್ವರ್ ಕಾದವಳು ಅಲ್ಲಿ ಮ್ಯೂಟ್‌ನಲ್ಲಿ ಕೂತಿರ್ತಾಳೆ. ಪೆನ್ಷನ್ ಬರೋರಿಗೆ ಬಿಟ್ಟಿ ಕಲಿಸೋದು ಸುಲಭ, ಇಎಂಐ ಕಟ್ಟೋರಿಗಲ್ಲ, ಒಪ್ಪಿದೆ. ಆದರೂ ಒಂದು ಶನಿವಾರವಾದರೂ ಅವಳ ಕೈಗೆ ಮೈಕ್ ಕೊಡಬಹುದಲ್ಲ?